ನಲವತ್ತೊಂದನೆಯ ಚಿತ್ತಾರ

ಕುರಿ ಯಾಕೆ ಹೊರಳಿ ನೋಡುತ್ತಿದೆ ಎಂಬ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಸತ್ಯಬೋಧ ಹುನಗುಂದದ ತನ್ನ ಹೈಸ್ಕೂಲಿನಲ್ಲಿ ಒಂಬತ್ತನೆಯ ವರ್ಗಕ್ಕೆ ತ್ರಿಕೋನ ಕಲಿಸುತ್ತಿದ್ದ. ಎರಡು ಬಾಹು ಸಮ ಇದ್ದರೆ ಎರಡು ಕೋನವೂ ಸಮ ಎಂದು ಬಾಯಿ ಹೇಳುತ್ತಿತ್ತು. ಆ ಬಾಯಿಗೆ ಇಪ್ಪತ್ತೆರಡು ವರ್ಷದ ರೂಢಿ, ಅದಕ್ಕೆ ಸತ್ಯಬೋಧನ ನೆರವು ಬೇಕಾಗಿರಲಿಲ್ಲ. ಮುಂಜಾನೆ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಕಂಡ ಪತ್ರವನ್ನು ಅವನು ಆಗಲೇ ನಾಲ್ಕು ಸಲ ಓದಿದ್ದ. ಬರೆದಾಕೆ ರೂಬಿ, ಯಾವ ದೇಶದವಳೋ. ಜನ ಪುಕ್ಕಟೆಯಾಗಿ ಹಂಚುವ ಸಾಫ್ಟ್‌ವೇರುಗಳನ್ನು ಪರೀಕ್ಷಿಸಿ ಒಂದು ದೊಡ್ಡ ಸಂಗ್ರಹಕ್ಕೆ ಸೇರಿಸುವ ಸ್ವಯಂಸೇವಕರ ಬಳಗವೊಂದರಲ್ಲಿ ಅವಳಿಗೆ ಇದ್ದದ್ದು ಒಂದೇ ಕೆಲಸ: ಒಳಗಿರುವ ಒಂದೊಂದು ವಸ್ತುವೂ ಯಾರದು ಎಂದು ಕೇಳುವುದು. ನಿಮ್ಮ ‘ಗವಂತಿ’ ಸಾಫ್ಟ್‌ವೇರು ನಮಗೆಲ್ಲ ಇಷ್ಟವಾಗಿದೆ, ಅದರ ಜೊತೆ ಕೊಟ್ಟಿರುವ ಅರವತ್ತನಾಲ್ಕು ಕಸೂತಿ ಚಿತ್ತಾರಗಳ ಮುಂದೆ ‘ಸಾರ್ವಜನಿಕ ಸ್ವತ್ತು, ಇವುಗಳ ಮೇಲೆ ಯಾರ ಹಕ್ಕೂ ಇಲ್ಲ’ ಎಂದು ಬರೆದಿದ್ದೀರಿ, ಅವುಗಳಲ್ಲಿ ಅರವತ್ಮೂರನ್ನು ಹೋಲುವಂಥವನ್ನು ಹಳೆಯ ಸೀರೆಗಳ ಫೋಟೋಗಳಲ್ಲಿ ಹುಡುಕಿ ಕಂಡುಕೊಂಡೆ, ನಲವತ್ತೊಂದನೆಯದು, ತಲೆ ಹೊರಳಿಸಿದ ಕುರಿ, ಎಲ್ಲಿಯೂ ಸಿಗಲಿಲ್ಲ, ಅದನ್ನು ಬಿಡಿಸಿದವರು ಯಾರು? ನಾಳೆ ಸಂಜೆಯೊಳಗೆ ತಿಳಿಸಿದರೆ ಈ ಸಲದ ಆವೃತ್ತಿಗೆ ಸೇರಿಸಬಹುದು. ಗೊತ್ತಿಲ್ಲದಿದ್ದರೆ ಅದೊಂದನ್ನು ತೆಗೆದುಬಿಡಿ. ಇಷ್ಟೇ ಪತ್ರ. ಬಿರುಸು ಮಾತು ಒಂದೂ ಇರಲಿಲ್ಲ. ಆದರೂ ಓದಿದ ಕೂಡಲೆ ಸತ್ಯಬೋಧನಿಗೆ ಸಿಟ್ಟು ಬಂದಿತ್ತು. ಸಿಟ್ಟಿನ ಬೆನ್ನಿಗೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಇಷ್ಟಕ್ಕೆ ನನಗೇಕೆ ಸಿಟ್ಟು ಎಂಬ ಕುತೂಹಲವೂ ಬಂದಿತ್ತು.

ಗವಂತಿ ಎಂದರೆ ಕಸೂತಿಯ ಒಂದು ಹೊಲಿಗೆ. ಬಟ್ಟೆಯ ಎರಡೂ ಬದಿಗೆ ಒಂದೇ ತೆರನಾಗಿ ಕಾಣಬೇಕು, ಎಲ್ಲೂ ಗಂಟು ಇರಬಾರದು, ಹೊರಟ ಸೂಜಿ ಚಿತ್ರವನ್ನೆಲ್ಲ ಸುತ್ತಿ ಹೊರಟಲ್ಲಿಗೇ ಬರಬೇಕು. ಬಾಗಲಕೋಟೆಯಲ್ಲಿರುವ ಚಿಕ್ಕಮ್ಮ, ಅವನ ಮೌಶಿ ಭಾಗೀರಥೀಬಾಯಿ ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ ಹಾಕುತ್ತ ಕೂತಾಗ ಅವಳ ಸೂಜಿ ಹೋದ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ ಸತ್ಯಬೋಧನಿಗೆ ಗಣಿತದ ಹುಚ್ಚು ಹಿಡಿದದ್ದು. ಆ ದಾರಿಯನ್ನು ಕಂಪ್ಯೂಟರಿಗೆ ಕಲಿಸಲು ಅವನಿಗೆ ಆರು ಬೇಸಿಗೆ ರಜೆ ಬೇಕಾಯಿತು. ಚೌಕಳಿ ಕಾಗದದ ಮೇಲಿನ ಯಾವ ಚಿತ್ರ ಕೊಟ್ಟರೂ ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಎಂದು ಗವಂತಿ ಅಂಕಿ ಹಾಕಿ ಕೊಡುತ್ತಿತ್ತು. ಅದನ್ನು ಮಾರಲು ಅವನಿಗೆ ಮನಸ್ಸಾಗಲಿಲ್ಲ. ವಿದ್ಯೆ ಮಾರಬಾರದು ಎಂದು ಕೇಳಿ ಬೆಳೆದ ಮನೆ. ಯಾರಾದರೂ ಬಳಸಿ, ತಿದ್ದಿ, ಹಂಚಿ ಎಂದು ಬಿಟ್ಟ. ಬಿಡುವಾಗ ಮಾತ್ರ ಲೈಸೆನ್ಸುಗಳನ್ನೆಲ್ಲ ಒಂದು ತಿಂಗಳು ಓದಿ, ಏನು ಬೇಕಾದರೂ ಮಾಡಿ ಆದರೆ ಬರೆದವನ ಹೆಸರು ಅಳಿಸಬೇಡಿ ಎನ್ನುವಂಥದ್ದನ್ನು ಹುಡುಕಿ ಹಚ್ಚಿದ್ದ. ಸಾಲದ್ದಕ್ಕೆ, ಮುದ್ರಿಸಿದ ಪ್ರತಿ ಹಾಳೆಯ ಬುಡದಲ್ಲಿ ‘ಗವಂತಿ, ಸತ್ಯಬೋಧ, ಹುನಗುಂದ’ ಎಂದು ತಾನಾಗಿಯೇ ಮೂಡುವಂತೆ ಮಾಡಿದ್ದ. ಅದರಲ್ಲಿ ತಪ್ಪೇನು? ಬಾದಾಮಿಯಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಇವನು ಬರೆದ ಎರಡು ಪುಟದ ಒಗಟುಗಳನ್ನು ಗೆಳೆಯ ನಾಗಲಿಂಗ ತನ್ನ ಹೆಸರು ಹಾಕಿ ಹಂಚಿದ್ದ. ಊಟದ ಸಾಲಿನಲ್ಲಿ ಅವನ ಪಕ್ಕ ನಿಂತು, ‘ಒಗಟು ಭಾಳ ಛಲೋ ಅವ’ ಎಂದು ಇವನೇ ಹೇಳಬೇಕಾಗಿ ಬಂದಿತ್ತು. ಎರಡು ವರ್ಷ ನಾಗಲಿಂಗನ ಜೊತೆ ಮಾತು ಬಿಟ್ಟ. ಎರಡು ಪುಟದ ಒಗಟಿಗೆ ಎರಡು ವರ್ಷ.

ಗಂಟೆ ಬಾರಿಸಿತು. ಸ್ಟಾಫ್ ರೂಮಿನಲ್ಲಿ ಮುಖ್ಯೋಪಾಧ್ಯಾಯ ಕಲ್ಲಪ್ಪನವರು ಪ್ಲಾಸ್ಟಿಕ್ ಚೀಲದಿಂದ ಒಂದು ಶಾಲು ತೆಗೆದು ಮೇಜಿನ ಮೇಲೆ ಹರವಿದ್ದರು. ‘ನೋಡ್ರಿ ಸತ್ಯಬೋಧ, ಬಣ್ಣ ನಡೀತದಿಲ್ಲೋ? ಶನಿವಾರ ಪ್ರಾರ್ಥನಾ ಆದ ಕೂಡಲೆ ಹೊಚ್ಚಿಬಿಡೋದು. ಜಗತ್ತಿನ ಸಂಗ್ರಹದಾಗ ನಮ್ಮ ಸಾಲಿ ಹೆಸರು ಬರ್ತದಂದ್ರ ಸಣ್ಣ ಮಾತಲ್ಲ.’ ಶಾಲಿನ ಬಣ್ಣ ಕಡುಗೆಂಪು. ಹೋದ ವರ್ಷ ಇದೇ ಬಳಗ ಅಕ್ಷರದ ಫಾಂಟು ಯಾರದು ಎಂಬ ತಕರಾರಿನ ಮೇಲೆ ಗವಂತಿಯನ್ನು ವಾಪಸು ಕಳಿಸಿದಾಗ ಇದೇ ಕಲ್ಲಪ್ಪನವರು, ‘ಇರ್ಲಿ ಬಿಡ್ರಿ, ಪುಕ್ಕಟ ವಸ್ತುಕ್ಕ ಇಷ್ಟ್ಯಾಕ ತ್ರಾಸು’ ಎಂದು ಎಲ್ಲರ ಎದುರು ಸಮಾಧಾನ ಹೇಳಿದ್ದರು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತ್ತು. ಈಗ ಅಳಿಸುವ ಗುಂಡಿಯನ್ನು ಒಂದು ಸಲ ಒತ್ತಿದರೆ ಸಾಕು, ಶನಿವಾರ ಶಾಲು. ಸತ್ಯಬೋಧ ಮೊಬೈಲು ತೆಗೆದು ನಲವತ್ತೊಂದನೆಯದರ ಮೇಲೆ ಬೆರಳಿಟ್ಟ. ಏಳು ಎಳೆ ಅಗಲದ ಕುರಿ. ನೇರ ಗೆರೆ, ಅಡ್ಡ ಗೆರೆ, ಓರೆ ಗೆರೆ ಬಿಟ್ಟರೆ ಕಸೂತಿಯಲ್ಲಿ ಬೇರೆ ದಾರಿಯಿಲ್ಲ; ಅಷ್ಟರಲ್ಲೇ ಕುತ್ತಿಗೆ ತಿರುಗಿದೆ, ತಿರುಗಿದ್ದು ಗೊತ್ತಾಗುತ್ತದೆ. ಬೆರಳು ಒತ್ತಲಿಲ್ಲ. ಅದು ಬರೀ ಧರ್ಮಬುದ್ಧಿ ಎಂದರೆ ಸುಳ್ಳಾದೀತು. ಇದು ಯಾರ ತಲೆಯಲ್ಲಿ ಹುಟ್ಟಿತು ಎಂದು ತಿಳಿಯದೆ ಅವನಿಗೆ ಇರಲಾಗಲಿಲ್ಲ. ಮಧ್ಯಾಹ್ನದಿಂದ ರಜೆ ಚೀಟಿ ಬರೆದುಕೊಟ್ಟು ಶಿರೂರಿನ ಮೇಲಿಂದ ಹೋಗುವ ಬಾಗಲಕೋಟೆ ಬಸ್ಸು ಹತ್ತಿದ.

ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಅರ್ಧ ಕಿಲೋ ಕರದಂಟು ಕೊಂಡ. ಕೊಂಡ ಮೇಲೆ ಯಾಕೆ ಕೊಂಡೆ ಅನಿಸಿತು. ಈಗ ಹೊರಟಿದ್ದ ಪದ್ಮವ್ವನ ಮನೆಗೆ ಅವನು ಹಿಂದೆಂದೂ ಏನನ್ನೂ ಒಯ್ದವನಲ್ಲ. ಅವಳ ಮನೆಗೇ ಹೋದವನಲ್ಲ. ಶಿರೂರಿನಿಂದ ಬಾಗಲಕೋಟೆಗೆ ಬೆಣ್ಣೆ ತರುತ್ತಿದ್ದ ಪದ್ಮವ್ವ ಮೌಶಿಯ ಹಿತ್ತಲ ಬಾಗಿಲಲ್ಲಿ ಕೂತು ಬೆಣ್ಣೆಯ ಜೊತೆಗೆ ಕಸೂತಿಯ ಮಾತನ್ನೂ ಆಡಿಕೊಂಡು ಹೋಗುತ್ತಿದ್ದಳು. ಆರು ವರ್ಷದ ಹಿಂದೆ ತಂಗಿಯ ಮಗಳು ಗೌತಮಿಯನ್ನು ತೊಟ್ಟಿಲಿಗೆ ಹಾಕಿದ ದಿನ ಅವಳು ತಂದದ್ದು ಒಂದು ಕುಂಚಿಗೆ. ಕೂಸಿನ ತಲೆಯಿಂದ ಬೆನ್ನವರೆಗೆ ಹೊದಿಸುವ ಆ ಕರಿ ಬಟ್ಟೆಯ ಅಂಚಿನ ಸುತ್ತ ಬಿಳಿ ಕುರಿಗಳ ಸಾಲು, ಅವುಗಳಲ್ಲಿ ಒಂದು ಮಾತ್ರ ತಲೆ ಹೊರಳಿಸಿದ್ದು. ಎಲ್ಲರೂ ಊಟಕ್ಕೆ ಕೂತಾಗ ಸತ್ಯಬೋಧ ಕುಂಚಿಗೆಯನ್ನು ಮಂಚದ ಮೇಲೆ ಹಾಸಿ, ಕಿಟಕಿಯ ಬೆಳಕು ಬೀಳುವಂತೆ ಸರಿಸಿ, ನಾಲ್ಕು ಫೋಟೋ ತೆಗೆದ. ಕದ್ದಂತೆ ಅನಿಸಿತ್ತೆ? ಇಲ್ಲ. ಅದೇ ಈಗ ವಿಚಿತ್ರವೆನಿಸುತ್ತಿತ್ತು. ಪದ್ಮವ್ವ ಹಿತ್ತಲಲ್ಲಿ ಇದ್ದಳು, ಹತ್ತು ಹೆಜ್ಜೆ ದೂರ, ಅವಳ ಎಲೆಗೆ ಹೋಳಿಗೆ ಬೀಳುತ್ತಿತ್ತು. ಹೋಗಿ ಕೇಳಬಹುದಿತ್ತು. ಗಾಳಿಯ ಫೋಟೋ ತೆಗೆಯಲು ಯಾರನ್ನಾದರೂ ಕೇಳುತ್ತಾರೆಯೇ ಅನ್ನುವಷ್ಟು ಸಹಜವಾಗಿ ಅವನು ಕೇಳದೆ ಉಳಿದಿದ್ದ.

ಬಸ್ಸಿನಿಂದಲೇ ಮೌಶಿಗೆ ಫೋನು ಹಚ್ಚಿದ. ‘ಮೌಶಿ, ಗೌತಮಿ ಕುಂಚಿಗಿ ಮ್ಯಾಲಿನ ಕುರಿ ಹಳೇದೋ, ಪದ್ಮವ್ವ ತಾನ ಹಾಕಿದ್ದೋ?’

‘ಅಕಿ ಎಲ್ಲಿಂದ ಹಾಕ್ತಾಳೋ? ಅವರ ಮಂದೀದು ಹಳೇದ ಇರಬೇಕು. ಬೀರಪ್ಪನ ಒಕ್ಕಲು, ಕುರಿ ಅಂದ್ರ ಅವರಿಗೆ ದೇವರಿದ್ದಂಗ.’

‘ನೀ ಅಕಿನ್ನ ಕೇಳಿದ್ದಿಯೇನು?’

‘ಅದನ್ನೇನು ಕೇಳೋದದ?’ ಎಂದಳು ಭಾಗೀರಥೀಬಾಯಿ, ನಿಜವಾಗಿಯೂ ಆಶ್ಚರ್ಯದಿಂದ. ನಸುಕಿನಲ್ಲಿ ಅವಳು ಹೇಳುವ ಹಾಡುಗಳ ಕೊನೆಯ ನುಡಿಯಲ್ಲಿ ಕಟ್ಟಿದವರ ಅಂಕಿತ ಇರುತ್ತಿತ್ತು. ಅಂಕಿತ ನುಂಗಿ ಹಾಡಿದ ಸೊಸೆಯಂದಿರನ್ನು ಅವಳು ನಡುವೆಯೇ ತಡೆದು ಮತ್ತೆ ಹಾಡಿಸುತ್ತಿದ್ದಳು. ಹಾಡಿಗೆ ಅಪ್ಪ ಇರಬೇಕು, ಕುರಿಗೆ ಬೇಡ. ಇದು ಮೌಶಿಯ ತಪ್ಪು ಎಂದುಕೊಂಡರೆ ಎಷ್ಟು ಹಗುರಾದೀತು ಎಂದು ಸತ್ಯಬೋಧ ಯೋಚಿಸಿದ. ಹಗುರಾಗಲಿಲ್ಲ. ಯಾಕೆಂದರೆ ಮೌಶಿ ಬರೀ ಅಂದುಕೊಂಡಿದ್ದಳು, ಬರೆದವನು ಅವನು. ಪ್ರತಿ ಚಿತ್ತಾರದ ಕೆಳಗೂ ಎರಡು ಸಾಲು ವಿವರಣೆ ಇರಲಿ ಎಂದು ಒಂದು ಭಾನುವಾರ ಕೂತು ಬರೆಯುವಾಗ ನಲವತ್ತೊಂದನೆಯದರ ಕೆಳಗೆ ಏನೂ ಗೊತ್ತಿಲ್ಲದೆ ಕೈ ಓಡಿತ್ತು: ‘ಹಿಂದುಳಿದ ಮರಿಯನ್ನು ಹೊರಳಿ ನೋಡುವ ತಾಯಿಕುರಿ. ಹಾಲುಮತದ ಪ್ರಾಚೀನ ಸಂಕೇತ.’ ಓದಿಕೊಂಡಾಗ ಅವನ ಕಣ್ಣೇ ತೇವವಾಗಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬಂತೆ ಪರರ ಕುರಿ ಹಂಚಿದ್ದಲ್ಲದೆ, ಅದಕ್ಕೊಂದು ಪುರಾಣವನ್ನೂ ಕಟ್ಟಿ ಕೊಟ್ಟಿದ್ದ. ಅದರ ಕೆಳಗೆ ಇನ್ನೊಂದು ಸಾಲು: ‘ಈ ಕೊಡುಗೆಯನ್ನು ಹಿಂದಕ್ಕೆ ಪಡೆಯಲಾಗದು.’ ಆ ಸಾಲು ಬರೆಯುವಾಗ ತಾನು ಎಂಥ ಉದಾರಿ ಅನಿಸಿದ್ದೂ ನೆನಪಿತ್ತು. ಇಷ್ಟಾದರೂ ಒಂದು ಆಸೆ ಉಳಿದಿತ್ತು: ಕುರಿ ಖರೆಯೇ ಹಳೆಯದಾಗಿದ್ದರೆ? ಪದ್ಮವ್ವನ ಅಜ್ಜಿಯ ಅಜ್ಜಿ ಹಾಕಿದ್ದಾಗಿದ್ದರೆ ಎಲ್ಲವೂ ನೆಟ್ಟಗಾಗುತ್ತದೆ, ಪುರಾಣವೂ ಸೇರಿ.

ಶಿರೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬೆಣ್ಣೆ ಪದ್ಮವ್ವನ ಮನೆ ಎಂದರೆ ಎರಡನೆಯವರೇ ದಾರಿ ತೋರಿಸಿದರು. ಕಟ್ಟೆಯ ಮೇಲೆ ಪದ್ಮವ್ವ ಮೊರದಲ್ಲಿ ಕಡಲೆ ಆರಿಸುತ್ತಿದ್ದಳು. ಕಣ್ಣಿಗೆ ಹಾಕಿದ ಚಾಳೀಸಿನ ಒಂದು ಕಡ್ಡಿಗೆ ಬದಲಾಗಿ ದಾರ ಕಟ್ಟಿಕೊಂಡಿದ್ದಳು. ‘ಬರ್ರಿ ಮಾಸ್ತರ. ಭಾಗೀರಥೀಬಾಯಾರು ಆರಾಮ ಅದಾರಿಲ್ಲೋ?’ ಎಂದಳು, ಎದ್ದು ನಿಲ್ಲದೆಯೇ, ಆದರೆ ಮೊರವನ್ನು ಸರಿಸಿ ಜಾಗ ಮಾಡಿ.

‘ಆರಾಮ ಇದ್ದಾರ. ನಿಮಗ ಒಂದು ಮಾತು ಕೇಳಬೇಕಾಗಿತ್ತು, ಅದಕ್ಕ ಬಂದೆ.’ ಚಿಕ್ಕಂದಿನಿಂದ ‘ನೀ’ ಎಂದೇ ಕರೆದ ಪದ್ಮವ್ವನಿಗೆ ಬಾಯಿ ಇವತ್ತು ತಾನಾಗಿಯೇ ‘ನೀವು’ ಅಂದದ್ದು ಅವನ ಕಿವಿಗೆ ಬಿತ್ತು. ಅವಳ ಕಿವಿಗೂ ಬಿದ್ದಿರಬೇಕು. ಕಡಲೆಯ ಮೇಲಿನ ಕೈ ನಿಂತಿತು.

ನೀರು ತಂದ ಸೊಸೆ ಅಂಜನಾ ಒಳಗೆ ಹೊಲಿಗೆ ಯಂತ್ರದಿಂದ ಎದ್ದು ಬಂದಿದ್ದಳು. ಅವನು ತನ್ನ ಹೆಸರು, ಊರು ಹೇಳಿದ್ದೇ ಅವಳ ಮುಖ ಅರಳಿತು. ‘ಹುನಗುಂದದ ಸತ್ಯಬೋಧ ಸರ ಅಂದ್ರ ನೀವ ಏನ್ರಿ? ಗವಂತಿ ಅವರು?’ ಎನ್ನುತ್ತ ಒಳಗೋಡಿ ಒಂದು ಹಾಳೆ ತಂದಳು. ಇಳಕಲ್‌ನ ಒಂದು ಅಂಗಡಿಯವರು ಬ್ಲೌಸಿನ ಬೆನ್ನಿಗೆ ಹಾಕಲು ಕೊಟ್ಟ ಹಾಳೆ. ಕುರಿ ಅಲ್ಲಿತ್ತು. ಕುರಿಯ ಬುಡದಲ್ಲಿ, ಅವನೇ ಮಾಡಿಟ್ಟಂತೆ, ತಪ್ಪದೆ ಅವನ ಹೆಸರಿತ್ತು. ‘ನೋಡ್ರಿ ಸರ, ನಮ್ಮ ಅತ್ತಿಯಾರು ಇದನ್ನ ತಾವ ಹಾಕಿದ್ದು ಅಂತಾರ್ರಿ. ಇಲ್ಲಿ ಬರದೈತಲ್ಲ ಅತ್ತಿ, ಓದ್ತೇನಿ ಕೇಳ್ರಿ ಅಂತ ಎಷ್ಟ ಸಲ ಹೇಳೀನಿ.’ ಓದಿಯೂಬಿಟ್ಟಳು. ‘ಹಿಂದುಳಿದ ಮರಿಯನ್ನು ಹೊರಳಿ ನೋಡುವ ತಾಯಿಕುರಿ.’ ಸಾಲೆಯಲ್ಲಿ ಓದಿದ ಹಾಗೆ, ಒಂದೊಂದು ಅಕ್ಷರವನ್ನೂ ಗೌರವಿಸಿ ಓದಿದಳು. ತನ್ನ ಬರಹ ಇಷ್ಟು ಕೆಟ್ಟದ್ದೆಂದು ಸತ್ಯಬೋಧನಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕರದಂಟಿನ ಪೊಟ್ಟಣವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡ.

‘ಮರಿಗಿರಿ ಏನಿಲ್ರಿ’ ಎಂದಳು ಪದ್ಮವ್ವ. ‘ಸಾಲು ಮೂಲಿಗೆ ಬಂತು, ಎಳಿ ಸಾಲ್ಲಿಲ್ಲ. ಮಾರಿ ಮುಂದ ಮಾಡಿದ್ರ ಅಂಚಿನ ಹೊರಗ ಹೋಗ್ತಿತ್ತು. ತಲಿ ಹೊಳ್ಳಿಸಿದೆ.’

‘ಅಷ್ಟ?’

‘ಅಷ್ಟಂದ್ರ? ಮೂರು ಸಲ ಬಿಚ್ಚೀನಿ. ಮೊದಲ ಹಾಕಿದ್ದು ನಾಯಿ ಕಂಡಂಗ ಕಾಣ್ತಿತ್ತು.’

ಸತ್ಯಬೋಧನಿಗೆ ನಗು ಬಂತು, ನಗುವಿನ ಜೊತೆಗೆ ಮೈ ಝುಮ್ಮೆಂದಿತು. ಎಳೆ ಸಾಲದೆ ಹೋದದ್ದಕ್ಕೆ ಕುತ್ತಿಗೆ ತಿರುಗಿತು! ಅವನ ತಾಯಿಕುರಿಗಿಂತ, ಪ್ರಾಚೀನ ಸಂಕೇತಕ್ಕಿಂತ ಇದು ಎಷ್ಟು ಚೆಂದದ ಉತ್ತರ. ಅರವತ್ತನಾಲ್ಕರಲ್ಲಿ ಗವಂತಿ ದಾರಿ ಹುಡುಕಲು ಅತಿ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದದ್ದು ಈ ಕುರಿಗೆ. ಆ ಕುತ್ತಿಗೆಯ ಹತ್ತಿರ ಲೆಕ್ಕ ಮೂರು ಸಲ ಹಿಂದಕ್ಕೆ ಹೋಗಿ ಬರುತ್ತಿತ್ತು. ಅವಳೂ ಮೂರು ಸಲ ಬಿಚ್ಚಿದ್ದಳು. ಇದನ್ನು ಅವಳಿಗೆ ಹೇಳಬೇಕೆಂದು ಬಾಯಿ ತೆರೆದ. ಬಂದದ್ದು ಬೇರೆ ಮಾತು.

‘ಅವತ್ತ ಯಾಕ ಹೇಳಲಿಲ್ಲ ಪದ್ಮವ್ವ, ನಾ ಹಾಕಿದ್ದು ಅಂತ?’

‘ನೀವೆಲ್ಲಿ ಕೇಳಿದ್ರಿ?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ಈಗ ಯಾಕ ಕೇಳಾಕ ಬಂದ್ರಿ, ಅದನ್ನ ಹೇಳ್ರಿ.’

ಅವನು ರೂಬಿಯ ವಿಷಯ ಹೇಳಿದ. ದೂರದ ಊರಿನವಳೊಬ್ಬಳು ಇದನ್ನು ಹಾಕಿದವರು ಯಾರು ಎಂದು ಕೇಳಿ ಬರೆದಿದ್ದಾಳೆ ಎಂದ. ಪದ್ಮವ್ವ ಚಾಳೀಸು ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ‘ಅಕಿ ಕೇಳಿದ್ದಿಲ್ಲಂದ್ರ?’

ಸುಳ್ಳು ಹೇಳಬಹುದಿತ್ತು. ಇವತ್ತಲ್ಲ ನಾಳೆ ಬರುವವನಿದ್ದೆ ಎನ್ನಬಹುದಿತ್ತು, ಅಂಜನಾ ಒಪ್ಪಿಯೂಬಿಡುತ್ತಿದ್ದಳು. ‘ಬರ್ತಿದ್ದಿಲ್ಲ’ ಎಂದ ಸತ್ಯಬೋಧ. ನಾಚಿಕೆ ಕಿವಿಯವರೆಗೂ ಏರಿತು. ಪದ್ಮವ್ವ ತಲೆಯಾಡಿಸಿದಳು, ತೂಕ ಸರಿಯಿದೆ ಎನ್ನುವಂತೆ.

ಆಮೇಲೆ ಅವನು ತನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದ. ಹಾಕಿದ ಕೈ ಯಾವುದೋ ಹಕ್ಕು ಅವರದೇ. ಎಲ್ಲೂ ಬರೆಸಬೇಕಾಗಿಲ್ಲ, ರೊಕ್ಕ ಕಟ್ಟಬೇಕಾಗಿಲ್ಲ. ಯಾರದೂ ಅಲ್ಲ ಎಂದು ಬಿಟ್ಟುಕೊಡುವುದಿದ್ದರೂ ಅವರೇ ಬಿಡಬೇಕು, ಬೇರೆಯವರು ಬಿಡಲು ಬರುವುದಿಲ್ಲ. ಹಕ್ಕು ಬದುಕಿರುವಷ್ಟು ದಿನ ಇರುತ್ತದೆ, ತೀರಿಕೊಂಡ ಮೇಲೂ ಅರವತ್ತು ವರ್ಷ.

‘ಸತ್ತ ಮ್ಯಾಲ ಅರವತ್ತ?’ ಪದ್ಮವ್ವ ನಕ್ಕಳು. ‘ಇದ್ದಾಗ ಈ ಮನ್ಯಾಗ ಒಂದ ದಿನಾನೂ ಅದು ನಂದು ಅಂತ ಒಪ್ಪಿಲ್ಲ ಯಾರೂ.’ ಅಂಜನಾ ಹಾಳೆಯನ್ನು ಮಡಚುತ್ತ ನೆಲ ನೋಡಿದಳು. ‘ಹೋದದ್ದನ್ನ ಹೊಳ್ಳಿ ತರಾಕ ಬರ್ತೈತೇನ್ರಿ?’

‘ತಗೊಂಡವರ ಕಡೆಯಿಂದ ತರಲಿಕ್ಕೆ ಬರೂದಿಲ್ಲ. ಎಷ್ಟು ಮಂದಿ ತಗೊಂಡಾರೋ ನನಗೂ ಗೊತ್ತಿಲ್ಲ. ಇನ್ನ ಮುಂದ ಬ್ಯಾಡಂದ್ರ ತಗದುಬಿಡ್ತೇನಿ. ಇರ್ಲಿ ಅಂದ್ರ, ಯಾರು ಬೇಕಾದವರು ಹಾಕ್ಕೊಳ್ರಿ ಆದ್ರ ಇದು ಪದ್ಮವ್ವನದು ಅಂತ ಹೇಳ್ರಿ, ಅಂತ ಬರೀಬಹುದು. ಹೆಂಗ ಹೇಳ್ತೀರಿ ಹಂಗ.’

ಅವಳು ಬಹಳ ಹೊತ್ತು ಕಡಲೆಯಲ್ಲಿ ಬೆರಳಾಡಿಸಿದಳು. ಒಂದು ಹರಳು ಸಿಕ್ಕಿತು, ಬೀದಿಗೆ ಎಸೆದಳು. ‘ಹಾಕ್ಕೊಳ್ಳಿ ಬಿಡ್ರಿ, ಹುಡುಗ್ಯಾರು. ಬೆನ್ನಿಗೆ ಛಲೋ ಕಾಣ್ತೈತಿ. ಹೆಸರ ಇರ್ಲಿ.’

‘ಗಂಡನ ಹೆಸರು, ಮನೆತನ, ಏನು ಬರೀಲಿ?’

‘ಪದ್ಮವ್ವ ಅಂತ ಬರೀರಿ. ಸೂಜಿ ಹಿಡದಾಕಿ ನಾ ಒಬ್ಬಾಕಿ.’

ಸತ್ಯಬೋಧ ಕಟ್ಟೆಯ ಮೇಲೇ ಕೂತು ರೂಬಿಗೆ ಬರೆದ. ಕುರಿಯನ್ನು ಹಾಕಿದಾಕೆ ಬದುಕಿದ್ದಾಳೆ, ಹೆಸರು ಪದ್ಮವ್ವ, ಊರು ಶಿರೂರು. ಅವಳ ಅನುಮತಿ ಇವತ್ತು ಸಿಕ್ಕಿದೆ, ಇವತ್ತಿನವರೆಗೆ ಇರಲಿಲ್ಲ. ಇಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಿದ್ದರೆ ಶನಿವಾರದ ಶಾಲು ಉಳಿಯುತ್ತಿತ್ತು. ಆದರೆ ಒಂದು ಎಳೆ ಬಿಚ್ಚಿದ ಮೇಲೆ ಉಳಿದವು ಎಲ್ಲಿಯವರೆಗೆ ಬರುತ್ತವೆ ಎಂದು ನೋಡುವ ಚಪಲ ಅವನನ್ನು ಬಿಡಲಿಲ್ಲ. ಚಿತ್ರದ ಕೆಳಗಿನ ವಿವರಣೆ ನಾನು ಕಟ್ಟಿದ್ದು, ಆಧಾರವಿಲ್ಲ, ಎಂದು ಬರೆದ. ಉಳಿದ ಅರವತ್ಮೂರನ್ನೂ ನಾನು ಯಾರನ್ನೂ ಕೇಳಿಲ್ಲ, ಮನೆಯ ಹೆಂಗಸರ ಸೀರೆಗಳಿಂದ ಎತ್ತಿಕೊಂಡು ಹಳೆಯವು ಎಂದುಕೊಂಡೆ, ಅಂಥವು ನಿಮಗೆ ಹಳೆಯ ಫೋಟೋಗಳಲ್ಲಿ ಸಿಕ್ಕಿರುವುದರಿಂದ ಹಳೆಯವೇ ಇರಬಹುದು, ಆದರೆ ಖಾತ್ರಿಯಿಂದ ಹೇಳಲಾರೆ, ಒಬ್ಬೊಬ್ಬರನ್ನೇ ಕೇಳಿ ತಿಳಿಸಲು ನನಗೆ ಸಮಯ ಬೇಕು. ಕಳಿಸುವ ಗುಂಡಿ ಒತ್ತಿದ. ಈ ಸಲದ ಆವೃತ್ತಿ ಹೋಯಿತು. ಕಲ್ಲಪ್ಪನವರು ಶಾಲನ್ನು ಮತ್ತೆ ಚೀಲಕ್ಕೆ ತುರುಕುತ್ತ ಹೇಳಬಹುದಾದ ಸಮಾಧಾನವೂ ಕಿವಿಯಲ್ಲಿ ಕೇಳಿಸಿತು. ಆಶ್ಚರ್ಯವೆಂದರೆ ಅದು ಅಷ್ಟೇನೂ ಚುಚ್ಚಲಿಲ್ಲ. ಮೌಶಿಯ ಸೆರಗಿನ ಗೋಪುರವನ್ನು ಮೊದಲು ಯಾರು ಹಾಕಿರಬಹುದು, ಅವಳಿಗೂ ಎಲ್ಲಾದರೂ ಎಳೆ ಸಾಲದೆ ಹೋಗಿತ್ತೇ ಎಂದು ಮನಸ್ಸು ಆಗಲೇ ಕೇಳತೊಡಗಿತ್ತು.

ನಲವತ್ತೊಂದನೆಯ ಚಿತ್ತಾರದ ಕೆಳಗಿನ ಹಳೆಯ ಸಾಲುಗಳನ್ನು ಅಳಿಸಿ ಹೊಸದಾಗಿ ಬರೆದು ಮುಗಿಸಿದ ಮೇಲೆ ಪದ್ಮವ್ವ, ‘ಅಕಿ ಕೈಯಾಗ ಕೊಡ್ರಿ, ಅಕೀನ ಓದ್ಲಿ’ ಎಂದಳು. ಅಂಜನಾ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲು ತೆಗೆದುಕೊಂಡಳು. ಓದಿದಳು: ‘ಈ ಕುರಿಯನ್ನು ಹಾಕಿದವರು ಶಿರೂರಿನ ಪದ್ಮವ್ವ. ಯಾರೂ ಬಳಸಬಹುದು, ಅವರ ಹೆಸರು ಹೇಳಬೇಕು. ಇದು ಯಾರದೂ ಅಲ್ಲ ಎಂದು ಮೊದಲು ಬರೆದದ್ದು ನನ್ನ ತಪ್ಪು. ಸತ್ಯಬೋಧ.’

‘ಇನ್ನೊಮ್ಮೆ ಓದು, ಗಟ್ಟಿಯಾಗಿ.’

ಅಂಜನಾ ಇನ್ನೊಮ್ಮೆ ಓದಿದಳು. ಎದುರು ಮನೆಯ ಬಾಗಿಲಲ್ಲಿ ನಿಂತ ಇಬ್ಬರು ಹೆಂಗಸರಿಗೂ ಕೇಳಿಸಿತು. ಸತ್ಯಬೋಧನಿಗೆ ಇಡೀ ದಿನದಲ್ಲಿ ಮೊದಲ ಸಲ ಎದೆ ಹಗುರಾದಂತೆನಿಸಿತು; ತಡವಾಗಿಯಾದರೂ ಕೊಡಬೇಕಾದದ್ದನ್ನು ಕೊಟ್ಟೆ ಎಂದುಕೊಂಡ. ಅಂಜನಾ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಹಿಂದಿರುಗಿಸಿ, ಅತ್ತೆಯ ಕಡೆ ತಿರುಗಿ, ಮನಸಾರೆ ಹೇಳಿದಳು.

‘ತಪ್ಪಾತು ಅತ್ತಿ. ಸರ ಬರದಾರಂದ ಮ್ಯಾಲ ಖರೇನ ಇರಬೇಕು.’

ಪದ್ಮವ್ವ ಸೊಸೆಯನ್ನು ನೋಡಲಿಲ್ಲ. ಕಡಲೆಯ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು, ದಾರ ಕಟ್ಟಿದ ಚಾಳೀಸಿನ ಮೇಲಿಂದ ಸತ್ಯಬೋಧನನ್ನು ನೋಡಿದಳು.

‘ಕೇಳಿದ್ರೇನ್ರಿ ಮಾಸ್ತರ?’

‘ಕೇಳಿದೆ’ ಎಂದ ಸತ್ಯಬೋಧ.